ಹುಲ್ಲಿನ ಉಂಗುರ, ಬೆಳ್ಳಿಯ ಉಂಗುರ



ಉಂಗುರ ಅಂದ ಕೂಡಲೇ ನಮ್ಮ ಕಡೆಯವರ ಕಣ್ಣಮುಂದೆ ಬರುವವನು ಹನುಮಂತ. ಅಶೋಕವನದಲ್ಲಿ ಅವನು ಸೀತೆಯ ಕೈಗಿಟ್ಟ ರಾಮನ ಉಂಗುರದ ಮೇಲೆ ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಗಂಟೆಗಟ್ಟಲೆ ಮಾತಾಡಿದ್ದನ್ನು ನೀವು ಕೇಳಿದ್ದೀರಿ. ಕಾಳಿದಾಸನ ಶಕುಂತಲೆ ಉಂಗುರ ಕಳೆದುಕೊಂಡಳು, ದುಷ್ಯಂತ ಅವಳನ್ನೇ ಮರೆತ. ಮೀನಿನ ಹೊಟ್ಟೆಯಿಂದ ಉಂಗುರ ಬಂತು, ನೆನಪೂ ಬಂತು. ನೆನಪನ್ನು ಹಿಡಿದಿಡುವ ಈ ಪುಟ್ಟ ಬಳೆಯನ್ನು ಸಾವಿನ ಮನೆಯಲ್ಲಿ ಜನ ಹೇಗೆ ಬಳಸಿದ್ದಾರೆ ಅನ್ನುವುದು ಇವತ್ತಿನ ನನ್ನ ವಿಷಯ.

ಇಂಗ್ಲೆಂಡಿನಲ್ಲಿ ಸತ್ತವರ ನೆನಪಿಗೆ ಉಂಗುರ ಹಂಚುವ ಪದ್ಧತಿಯಿತ್ತು. 1616ರ ತನ್ನ ಉಯಿಲಿನಲ್ಲಿ ಶೇಕ್ಸ್‌ಪಿಯರ್ ಜೊತೆಯ ನಟರಾದ ಹೆಮಿಂಗ್ಸ್, ಬರ್ಬೇಜ್, ಕಂಡೆಲ್ ಮೂವರಿಗೂ ಉಂಗುರ ಕೊಳ್ಳಲು ತಲಾ 26 ಶಿಲಿಂಗ್ 8 ಪೆನ್ಸ್ ಬಿಟ್ಟುಹೋದ. ಮುಂದೆ ಅಂಥ ಉಂಗುರಗಳ ಮೇಲೆ ಕಪ್ಪು ಎನಾಮೆಲ್ ಬಂತು, ಅದರಲ್ಲಿ ತೀರಿಕೊಂಡವರ ಹೆಸರು, ತಾರೀಖು, ವಯಸ್ಸು. ಮಕ್ಕಳಿಗೆ, ಮದುವೆಯಾಗದೆ ಹೋದವರಿಗೆ ಬಿಳಿ ಎನಾಮೆಲ್. ಕೆಲವದರಲ್ಲಿ ಗಾಜಿನ ಕೆಳಗೆ ಸತ್ತವರ ಕೂದಲನ್ನೇ ಹೆಣೆದು ಕೂರಿಸುತ್ತಿದ್ದರು. ಸೂತಕ, ಮೈಲಿಗೆ ಅಂತ ಬೆಳೆದ ನಮಗೆ ಕೇಳಿದರೇ ಮೈ ಜುಮ್ಮೆನ್ನುತ್ತದೆ. ಆದರೂ ಹೋದ ಮಗುವಿನ ಕೂದಲನ್ನು ಬೆರಳಲ್ಲಿ ಇಟ್ಟುಕೊಂಡ ತಾಯಿಯ ಸಂಕಟ ನಮಗೆ ಪರಕೀಯವಲ್ಲ.

ನಮ್ಮಲ್ಲಿಯೂ ಸಾವಿನ ಉಂಗುರ ಉಂಟು. ದರ್ಭೆ ಹುಲ್ಲಿನ ಪವಿತ್ರ. ಒಣಗಿದ ದರ್ಭೆ ಪಟಕ್ಕನೆ ಮುರಿಯುತ್ತದೆ, ಅದಕ್ಕೇ ಭಟ್ಟರು ಮೊದಲು ನೀರಿಗೆ ಅದ್ದುತ್ತಾರೆ. ಮಡಿಸಿ, ಹೊಸೆದು, ಬೆರಳಿನ ಗಾತ್ರಕ್ಕೆ ಕುಣಿಕೆ ಬಿಟ್ಟು ಗಂಟು ಹಾಕುತ್ತಾರೆ. ತುದಿ ಮೇಲಕ್ಕೆ ನೆಟ್ಟಗೆ ನಿಲ್ಲುತ್ತದೆ. ಶುಭಕ್ಕೆ ಎರಡು ಎಸಳು, ತಿಥಿಗೆ ಮೂರು, ಪ್ರೇತಕರ್ಮಕ್ಕೆ ಒಂದೇ ಒಂದು ಎಂಬ ಲೆಕ್ಕ ದಕ್ಷಿಣದ ಹಲವೆಡೆ ರೂಢಿಯಲ್ಲಿದೆ, ಊರೂರಿಗೆ ವ್ಯತ್ಯಾಸವೂ ಇದೆ. ಅಪ್ಪನಿಗೆ ಪಿಂಡ ಇಡುವ ಮಗನ ಉಂಗುರ ಬೆರಳಲ್ಲಿ ಅದು ಕರ್ಮ ಮುಗಿಯುವವರೆಗೆ ಮಾತ್ರ ಇರುತ್ತದೆ. ಆಮೇಲೆ ಗಂಟು ಬಿಚ್ಚಿ ಬಿಡಬೇಕು. ಶೋಕಕ್ಕೂ ಒಂದು ಹೊತ್ತು ಉಂಟು, ಅದು ಮುಗಿದ ಮೇಲೆ ಕೈ ಮತ್ತೆ ತೋಟದ ಕೆಲಸಕ್ಕೆ, ಮನೆಯ ಕೆಲಸಕ್ಕೆ ಹೊರಡಬೇಕು ಅನ್ನುವ ಈ ಏರ್ಪಾಡು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ಉಟ್ಟ ಕಪ್ಪು ಬಟ್ಟೆಯನ್ನು 1901ರಲ್ಲಿ ತಾನು ಸಾಯುವವರೆಗೂ ಬಿಡಲಿಲ್ಲ.

ಆದರೆ ನಮ್ಮಲ್ಲಿ ಮಗ ಅಪ್ಪನಿಗೆ ಪಿಂಡ ಇಡುವ ಅದೇ ಮನೆಯಲ್ಲಿ, ಅದೇ ದಿನಗಳಲ್ಲಿ ಇನ್ನೊಂದು ಉಂಗುರದ ಕಥೆ ನಡೆಯುತ್ತದೆ. ಅಮ್ಮನ ಕಾಲುಂಗುರ. ಮದುವೆಯ ದಿನದಿಂದ ತೊಟ್ಟ ಬೆಳ್ಳಿ. ಎಷ್ಟೋ ವರ್ಷದ ಸವೆತಕ್ಕೆ ಬೆರಳಿನಲ್ಲಿ ಬಿಳಿಚಿದ ಗೆರೆ ಬಿದ್ದಿರುತ್ತದೆ, ಬಾತ ಬೆರಳಿನಿಂದ ಸುಲಭಕ್ಕೆ ಬರುವುದೂ ಇಲ್ಲ. ಅಳುತ್ತಿರುವವಳ ಕಾಲು ಹಿಡಿದು ಎಳೆದು ತೆಗೆಯುತ್ತಾರೆ. ಮಗನ ಹುಲ್ಲಿನ ಉಂಗುರ ಅಂದೇ ಬಿಚ್ಚಿಹೋಗುತ್ತದೆ, ಅವನ ಶೋಕಕ್ಕೆ ಮಿತಿ ಸಿಕ್ಕಿತು. ಅವಳ ಖಾಲಿ ಬೆರಳು ಮಾತ್ರ ಬದುಕಿರುವಷ್ಟು ದಿನವೂ ಸಾವನ್ನೇ ಹೇಳುತ್ತಿರಬೇಕು. ಹೆಂಡತಿ ಹೋದ ಗಂಡಸಿನ ಕೈಯ ಉಂಗುರವನ್ನು ಯಾರೂ ಮುಟ್ಟುವುದಿಲ್ಲ. ಈ ಅನ್ಯಾಯವನ್ನು ಸಂಪ್ರದಾಯ ಅಂತ ಕರೆದು ಸುಮ್ಮನಿರಲು ನನಗೆ ಮನಸ್ಸು ಒಪ್ಪುವುದಿಲ್ಲ.

ಬದಲಾಯಿಸಲು ಆಗದ ಸಂಗತಿಯೇನಲ್ಲ ಇದು. ನಮ್ಮ ಬೆಳಗಾವಿ ಗಡಿಯ ಆಚೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮಸಭೆ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು: ಗಂಡ ತೀರಿಕೊಂಡಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ, ಕಾಲುಂಗುರ ತೆಗೆಸುವುದು ಇನ್ನು ನಮ್ಮೂರಲ್ಲಿ ಇಲ್ಲ. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಇದನ್ನು ಮಾದರಿಯಾಗಿಟ್ಟುಕೊಳ್ಳಿ ಎಂದು ಉಳಿದ ಪಂಚಾಯಿತಿಗಳಿಗೆ ಸುತ್ತೋಲೆ ಹೊರಡಿಸಿತು. ನಮ್ಮ ಕಡೆಯೂ ಕೆಲವು ಮನೆಗಳಲ್ಲಿ ಮಕ್ಕಳೇ ಮುಂದೆ ನಿಂತು, ಅಮ್ಮ ಬೇಕಾದರೆ ಇಟ್ಟುಕೊಳ್ಳಲಿ, ಯಾರೂ ಕೈ ಹಾಕಬೇಡಿ ಅಂದದ್ದುಂಟು.

ವೈದಿಕ ಬಲ್ಲ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಕಾಲುಂಗುರ ತೆಗೆಸಲೇಬೇಕು ಅಂತ ನೀವು ಮಾಡಿಸುವ ಪ್ರಯೋಗದಲ್ಲಿ ಉಂಟೋ, ಬರೀ ರೂಢಿಯಿಂದ ಬಂದದ್ದೋ, ಸಭೆಗೆ ತಿಳಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಆಮೇಲೆ ಹೆಂಗಸರು ಮಾತಾಡಲಿ. ಮೈಕು ಆ ಕಡೆ ಕೊಡಿ.