ನೀರೂ ಎಣ್ಣೆಯೂ ಅಂಟದ ಲೇಪನ
(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸ)



ನಮ್ಮ ಶಾಲೆಯ ನೂರು ವರ್ಷಗಳ ಸ್ಮರಣೆಯನ್ನು ನನಗಿಂತ ಬಲ್ಲವರು ಈಗಾಗಲೇ ಮಾಡಿದ್ದಾರೆ. ನಾನು ಇಂದು ವಿಜ್ಞಾನದ ಒಂದು ಹೊಸ ವಿಷಯವನ್ನು ಎತ್ತಿಕೊಳ್ಳುತ್ತೇನೆ. ನೀರನ್ನೂ ಎಣ್ಣೆಯನ್ನೂ ಏಕಕಾಲಕ್ಕೆ ದೂರವಿಡುವ ಲೇಪನಗಳು ಮತ್ತು ಅವು ಸವೆಯದಂತೆ ಕಾಯಲು ಅವುಗಳೊಳಗೆ ಹುದುಗಿಸುವ ಸೂಕ್ಷ್ಮಗುಳಿಗೆಗಳು, ಇದೇ ಆ ವಿಷಯ. ಹೆಸರು ಕೇಳಿ ಅಂಜಬೇಕಾಗಿಲ್ಲ. ಇದರ ಮೊದಲ ಪಾಠ ನಮ್ಮ ಹಿತ್ತಲಿನಲ್ಲಿಯೇ ಇದೆ.

ಬಚ್ಚಲ ನೀರು ಹರಿಯುವ ಕಡೆ ಬೆಳೆಯುವ ಕೆಸುವಿನ ಎಲೆಯನ್ನು ನೀವೆಲ್ಲರೂ ಬಲ್ಲಿರಿ. ನೆರೆಯ ತೆಲುಗು ಮನೆಗಳಲ್ಲಿ ಅದನ್ನೇ ಚಾಮ ಎನ್ನುತ್ತಾರೆ. ಅದರ ಮೇಲೆ ನೀರು ಚಿಮುಕಿಸಿದರೆ ಹನಿಗಳು ಪಾದರಸದಂತೆ ದುಂಡಾಗಿ ಉರುಳಿ ಹೋಗುತ್ತವೆ, ಧೂಳನ್ನೂ ಹೊತ್ತೊಯ್ಯುತ್ತವೆ. ತಾವರೆ ಎಲೆಯದೂ ಇದೇ ಗುಣ. ಸಂಸಾರದಲ್ಲಿದ್ದೂ ಅಂಟದವರನ್ನು ತಾವರೆ ಎಲೆಯ ಮೇಲಿನ ನೀರಿಗೆ ನಮ್ಮ ಹಿರಿಯರು ಹೋಲಿಸಿದ್ದು ಸುಮ್ಮನೆ ಅಲ್ಲ. ಈಗ ಅದೇ ಎಲೆಯ ಮೇಲೆ ಒಂದು ತೊಟ್ಟು ಕಡಲೆಕಾಯಿ ಎಣ್ಣೆಯನ್ನು ಬಿಡಿ. ಅದು ದುಂಡಾಗುವುದಿಲ್ಲ; ಹರಡಿಕೊಂಡು ಎಲೆಗೆ ಅಂಟಿಬಿಡುತ್ತದೆ. ಹಾಗಾದರೆ ವಿರಕ್ತವೆಂದು ಹೆಸರಾದ ಎಲೆಯೂ ಎಣ್ಣೆಗೆ ಸೋತಿತೇಕೆ?

ದ್ರವದ ಕಣಗಳು ಒಂದನ್ನೊಂದು ಸೆಳೆದುಕೊಳ್ಳುವುದರಿಂದ ಅದರ ಮೇಲ್ಮೈ ಬಿಗಿದ ತೊಗಲಿನಂತೆ ವರ್ತಿಸುತ್ತದೆ. ಇದನ್ನೇ ಮೇಲ್ಮೈ ಎಳೆತವೆಂದು ಕರೆಯುತ್ತೇವೆ. ನೀರಿಗೆ ಇದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ನಮ್ಮ ಅಡುಗೆಯ ಎಣ್ಣೆಗಳಿಗೆ ಅದರ ಅರ್ಧಕ್ಕಿಂತ ಕಡಿಮೆ. ಎಳೆತ ಹೆಚ್ಚಾಗಿರುವ ನೀರು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಎಣ್ಣೆಗೆ ಆ ಬಿಗಿಯಿಲ್ಲ. ಅಲ್ಲದೆ ಎಲೆಯ ಮೇಲಿರುವುದು ಮೇಣ. ಮೇಣವೂ ಎಣ್ಣೆಯೂ ರಚನೆಯಲ್ಲಿ ಬಂಧುಗಳು. ನೀರನ್ನು ಹೊರಗಿಟ್ಟ ಮೇಣ ತನ್ನ ಬಂಧುವನ್ನು ಒಳಗೆ ಕರೆದುಕೊಳ್ಳುತ್ತದೆ.

ಮೇಣವೊಂದೇ ಇದ್ದಿದ್ದರೆ ನೀರಿನ ಹನಿಯೂ ಅಷ್ಟು ದುಂಡಾಗುತ್ತಿರಲಿಲ್ಲ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಟ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ತಾವರೆ ಎಲೆಯ ಈ ಗುಟ್ಟನ್ನು ವಿವರಿಸಿದರು. ಎಲೆಯ ಮೇಲೆ ಕಣ್ಣಿಗೆ ಕಾಣದ ದಿಬ್ಬಗಳಿವೆ, ಆ ದಿಬ್ಬಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ಎಳೆಗಳಿವೆ. ಹನಿ ಅವುಗಳ ತುದಿಯ ಮೇಲಷ್ಟೇ ಕೂರುತ್ತದೆ; ಕೆಳಗೆಲ್ಲ ಗಾಳಿ. ಎಣ್ಣೆಯಾದರೋ ಈ ಸಂದುಗಳಿಗೆ ಇಳಿದು ಗಾಳಿಯನ್ನು ಹೊರದೂಡುತ್ತದೆ.

ಅದನ್ನು ತಡೆಯುವ ಉಪಾಯವನ್ನು 2007ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಅನೀಶ್ ತುತೇಜ ಮತ್ತು ಅವರ ಸಂಗಡಿಗರು ತೋರಿಸಿದರು. ದಿಬ್ಬಗಳ ಬದಲಿಗೆ ಅಣಬೆಯಂತೆ ಮೇಲೆ ಅಗಲ, ಕೆಳಗೆ ಸಪೂರವಾದ ಆಕಾರಗಳನ್ನು ಕಲ್ಪಿಸಿಕೊಳ್ಳಿ. ಇಳಿಯಲು ಹೊರಟ ಎಣ್ಣೆ ಅಣಬೆಯ ಕೊಡೆಯ ಅಂಚನ್ನು ತಲುಪಿದಾಗ ಅದರ ಮೇಲ್ಮೈ ಎಳೆತವೇ ಅದನ್ನು ಅಲ್ಲಿ ತಡೆದು ನಿಲ್ಲಿಸುತ್ತದೆ. ಆದರೆ ಆಕಾರದ ಜೊತೆಗೆ ಅವರು ಒಂದು ರಾಸಾಯನಿಕವನ್ನೂ ಬಳಸಿದರು. ಅದು ಇಂಗಾಲಕ್ಕೆ ಫ್ಲೋರಿನ್ ಬೆಸೆದ ವಸ್ತು. ಎಣ್ಣೆಯೊಡನೆಯೂ ಬಂಧುತ್ವ ಬೆಳೆಸದ ಮೇಲ್ಮೈಗಾಗಿ ಬಹುಪಾಲು ವಿನ್ಯಾಸಗಳು ಇಂದಿಗೂ ಇಂಥ ವಸ್ತುವನ್ನೇ ನೆಚ್ಚಿಕೊಂಡಿವೆ.

ಇಂಥ ಲೇಪನಗಳ ದೊಡ್ಡ ದೌರ್ಬಲ್ಯ ಸವೆತ. ಕೆಸುವಿನ ಎಲೆಯನ್ನು ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಉಜ್ಜಿದ ಕಡೆ ನೀರು ಅಂಟಿಕೊಳ್ಳುತ್ತದೆ. ಜೀವಂತ ಎಲೆ ಕಳೆದುಕೊಂಡ ಮೇಣವನ್ನು ಮತ್ತೆ ಒಸರಿಸಿಕೊಳ್ಳಬಲ್ಲದು. ರೇಷ್ಮೆ ಸೀರೆಗೆ, ಗಾಜಿಗೆ, ಕಬ್ಬಿಣದ ಕಂಬಿಗೆ ಬಳಿದ ಲೇಪನಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಸೂಕ್ಷ್ಮಗುಳಿಗೆಯ ಕೆಲಸ ಆರಂಭವಾಗುವುದು ಇಲ್ಲಿಯೇ.

ಈ ಗುಳಿಗೆಯನ್ನು ನಿಮ್ಮಲ್ಲಿ ಹಲವರು ಅರಿಯದೆಯೇ ಒಡೆದಿದ್ದೀರಿ. ನಡುವೆ ಕಾರ್ಬನ್ ಹಾಳೆಯಿಲ್ಲದೆ ಕೆಳಗಿನ ಹಾಳೆಯಲ್ಲಿ ಅಕ್ಷರ ಮೂಡಿಸುವ ರಸೀದಿ ಪುಸ್ತಕಗಳಿವೆಯಲ್ಲವೇ? 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ಬಳಕೆಗೆ ತಂದ ಕಾಗದವದು. ಮೇಲಿನ ಹಾಳೆಯ ಬೆನ್ನಿಗೆ ಜೆಲಟಿನ್ ಮತ್ತು ಗೋಂದಿನ ಪೊರೆಯುಳ್ಳ ಸೂಕ್ಷ್ಮಗುಳಿಗೆಗಳನ್ನು ಬಳಿದಿರುತ್ತಾರೆ. ಅವುಗಳೊಳಗೆ ಬಣ್ಣವಾಗಬಲ್ಲ ಎಣ್ಣೆಯಿರುತ್ತದೆ. ಪೆನ್ನಿನ ಒತ್ತಡಕ್ಕೆ ಪೊರೆ ಒಡೆದು, ಎಣ್ಣೆ ಕೆಳಗಿನ ಹಾಳೆಯ ಲೇಪವನ್ನು ತಾಗಿ ಅಕ್ಷರವಾಗುತ್ತದೆ. 2001ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಕಾಟ್ ವೈಟ್ ಮತ್ತು ಅವರ ತಂಡ ಇದೇ ತತ್ವವನ್ನು ಗಟ್ಟಿ ಪ್ಲಾಸ್ಟಿಕ್ಕಿಗೆ ಅನ್ವಯಿಸಿತು. ಬಿರುಕು ಗುಳಿಗೆಯನ್ನು ಸೀಳಿದೊಡನೆ ಒಳಗಿನ ದ್ರವ ಹರಿದು, ವೇಗವರ್ಧಕವನ್ನು ಸೇರಿ, ಗಟ್ಟಿಯಾಗಿ ಬಿರುಕನ್ನು ಬೆಸೆಯಿತು.

ನೀರೂ ಎಣ್ಣೆಯೂ ಅಂಟದ ಲೇಪನದಲ್ಲಿ ಗುಳಿಗೆಯೊಳಗೆ ಇಡುವುದು ವಿಕರ್ಷಣೆಯ ವಸ್ತುವನ್ನೇ. ಮೇಲ್ಪದರ ಸವೆದಾಗ ಹೊಸ ಗುಳಿಗೆಗಳು ಹೊರಬಂದು ಒಡೆಯುತ್ತವೆ. ಒಳಗಿನ ವಸ್ತು ಹರಡಿ ಗಾಯವನ್ನು ಮುಚ್ಚುತ್ತದೆ. ಕೆಲವು ವಿನ್ಯಾಸಗಳಲ್ಲಿ ಬಿಸಿಲಿನ ಅತಿನೇರಳೆ ಕಿರಣವೇ ಪೊರೆಯನ್ನು ತೆರೆಯುವಂತೆ ಮಾಡಿದ್ದಾರೆ. ವಿನ್ಯಾಸಕಾರನ ಇಕ್ಕಟ್ಟನ್ನು ಗಮನಿಸಿ. ಪೊರೆ ತೆಳುವಾದರೆ ಬಳಿಯುವಾಗಲೇ ಒಡೆದೀತು, ದಪ್ಪವಾದರೆ ಬೇಕಾದಾಗ ಒಡೆಯದು. ಗುಳಿಗೆ ದೊಡ್ಡದಾದರೆ ಲೇಪನ ದುರ್ಬಲವಾಗುತ್ತದೆ, ತೀರ ಚಿಕ್ಕದಾದರೆ ಒಳಗಿನ ದಾಸ್ತಾನು ಸಾಲದು. ಒಮ್ಮೆ ಒಡೆದ ಗುಳಿಗೆ ಮತ್ತೆ ತುಂಬುವುದಿಲ್ಲ. ಎಲೆಗೆ ಬೇರಿದೆ, ಗುಳಿಗೆಗೆ ಬೇರಿಲ್ಲ.

ಮಕ್ಕಳೇ, ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಫ್ಲೋರಿನ್ ಎಂಬ ಹೆಸರು ಅನಂತಪುರದ ಸೀಮೆಗಾಗಲಿ, ಗಡಿಯಾಚೆಯ ಪಾವಗಡಕ್ಕಾಗಲಿ ಹೊಸದಲ್ಲ. ಆಳದ ಬಂಡೆಗಳಿಂದ ಕೊಳವೆಬಾವಿಯ ನೀರಿಗೆ ಇಳಿಯುವ ಫ್ಲೋರೈಡ್ ಹಲ್ಲಿಗೆ ಕಂದು ಕಲೆಯನ್ನೂ ಮೂಳೆಗೆ ನೋವನ್ನೂ ತಂದಿರುವುದನ್ನು ನಮ್ಮ ಜನ ಬಲ್ಲರು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಲೇಪನದ ಫ್ಲೋರಿನ್ ಮಾತ್ರ ಬೇರೆ ರೂಪದ್ದು. ಎರಡನ್ನೂ ಒಂದೆಂದು ಭಾವಿಸಬೇಡಿ. ಅದು ಇಂಗಾಲದೊಡನೆ ಅತಿ ಬಲವಾಗಿ ಬೆಸೆದುಕೊಂಡಿರುತ್ತದೆ. ಅದಕ್ಕೆ ಸುಲಭವಾಗಿ ಏನೂ ಅಂಟುವುದಿಲ್ಲ. ಆ ಬಲದಿಂದಲೇ ಅದು ಮಣ್ಣಿನಲ್ಲಿ, ನೀರಿನಲ್ಲಿ, ದೇಹದಲ್ಲಿ ಸುಲಭವಾಗಿ ಕರಗಿ ಕಳೆಯುವುದೂ ಇಲ್ಲ. ಈ ಕುಲದ ಪಿಎಫ್‌ಒಎಸ್ ಎಂಬ ವಸ್ತುವನ್ನು 2009ರಲ್ಲಿ, ಪಿಎಫ್‌ಒಎ ಎಂಬುದನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ಪಟ್ಟಿಗೆ ಸೇರಿಸಲಾಯಿತು.

ಆದ್ದರಿಂದ ಒಂದು ಲೇಪನ ಎಷ್ಟು ಚೆನ್ನಾಗಿ ದೂರವಿಡುತ್ತದೆ ಎಂದು ಕೇಳಿದರೆ ಸಾಲದು. ಸವೆದುಹೋದ ಭಾಗ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ಸೀರೆಯಿಂದ ತೊಳೆದುಹೋದದ್ದು ಚರಂಡಿಗೆ, ಚರಂಡಿಯಿಂದ ಕೆರೆಗೆ, ಪಿನಾಕಿನಿಗೆ ಸೇರುತ್ತದೆ. ಸೂಕ್ಷ್ಮಗುಳಿಗೆ ವಸ್ತುವನ್ನು ಹಿತಮಿತವಾಗಿ ಬಳಸಲು ನೆರವಾಗಬಹುದು. ಆದರೆ ಒಳಗಿರುವುದು ಅಳಿಯದ ವಸ್ತುವೇ ಆಗಿದ್ದರೆ, ಅದು ಅದೇ ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುವ ಸಾಧನವೂ ಆದೀತು.

ದಾರಿಯಿಲ್ಲವೆಂದು ನಾನು ಹೇಳುವುದಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾದ ಲಿಯು ಮತ್ತು ಕಿಮ್ ಎಂಬ ಸಂಶೋಧಕರು ಮರಳಿನ ದ್ರವ್ಯವಾದ ಸಿಲಿಕದಿಂದಲೇ ಅಣಬೆಯಾಕಾರದ ಕಂಬಗಳನ್ನು ಕೊರೆದು, ಕೊಡೆಯ ಅಂಚನ್ನು ಇನ್ನೊಮ್ಮೆ ಕೆಳಕ್ಕೆ ಬಾಗಿಸಿದರು. ಯಾವ ಫ್ಲೋರಿನ್ ಲೇಪವೂ ಇಲ್ಲದೆ ಆ ಮೇಲ್ಮೈ ನೀರನ್ನೂ ಎಣ್ಣೆಗಳನ್ನೂ ನಿಲ್ಲಿಸಿತು. ಸಿಲಿಕ ಸಹಜವಾಗಿ ಒದ್ದೆಯಾಗುವ ವಸ್ತು. ಅದನ್ನು ಗೆಲ್ಲಿಸಿದ್ದು ಆಕಾರವೊಂದೇ. ಅದನ್ನು ಬಣ್ಣದಂತೆ ಬಳಿಯಲು ಬರುವುದಿಲ್ಲ, ಉಜ್ಜಿದರೆ ಮುರಿಯುತ್ತದೆ. ಅಲ್ಲಿಂದ ಮುಂದಿನ ಕೆಲಸ ಇನ್ನೂ ಬಾಕಿಯಿದೆ. ನಿರುಪದ್ರವಿಯಾದ ವಸ್ತುವನ್ನು ತುಂಬಿದ ಗುಳಿಗೆ, ಬಳಿಯಬಹುದಾದ ಅಣಬೆ, ಹಳತಾದಾಗ ಮಣ್ಣಿಗೆ ಮರಳುವ ಲೇಪನ: ಇವು ಇಂದಿನ ಎಂಟನೆಯ ತರಗತಿಯವರು ಬೆಳೆದು ಮಾಡಬಹುದಾದ ಕೆಲಸಗಳು.

ತೆಲುಗು ನಾಡಿನಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿತರೆ ಮುಂದೇನು ಎಂದು ಪೋಷಕರು ನನ್ನನ್ನು ಕೇಳುವುದುಂಟು. ಮೇಲ್ಮೈ ಎಳೆತವನ್ನು ಕೆಸುವಿನ ಎಲೆಯ ಮೇಲೆ ಕಂಡು, ತನ್ನ ಮಾತಿನಲ್ಲಿ ವಿವರಿಸಬಲ್ಲ ಮಗು ಅದನ್ನು ಮುಂದೆ ಯಾವ ಭಾಷೆಯಲ್ಲಿ ಓದಿದರೂ ಮರೆಯುವುದಿಲ್ಲ ಎಂಬುದೇ ನನ್ನ ಉತ್ತರ. ನಾಳೆ ಪ್ರಾರ್ಥನೆಯ ನಂತರ ಪ್ರತಿಯೊಬ್ಬರೂ ಒಂದು ಕೆಸುವಿನ ಎಲೆಯೊಡನೆ ತರಗತಿಗೆ ಬನ್ನಿ. ನೀರೂ ಎಣ್ಣೆಯೂ ಶಾಲೆಯ ಅಡುಗೆಮನೆಯಲ್ಲಿವೆ.