ಬಂಗಡೆ ಹೋಯ್ತು, ದುಡ್ಡು ಬರಲಿಲ್ಲ!



ಭಟ್ಕಳದ ಮೀನುಪೇಟೆಗೆ ಹೋಗಿ. ಹೊನ್ನಾವರದ ಗೂಡಂಗಡಿಗೆ ಹೋಗಿ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಪಕ್ಕ ಸಿಹಿ ಈರುಳ್ಳಿ ಗೊಂಚಲು ಕಟ್ಟಿ ಮಾರುವವರ ಹತ್ತಿರ ಹೋಗಿ. ಗಿರಾಕಿ ಕೇಳೋದು ಒಂದೇ ಮಾತು: ‘ಸ್ಕ್ಯಾನರ್ ಇದ್ಯಾ ಅಕ್ಕಾ?’

ಇದೆ. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ ಇವತ್ತು ಮೀನಿನ ಬುಟ್ಟಿಯ ಪಕ್ಕದಲ್ಲೇ ಬಂದು ಕೂತಿದೆ. ಚಿಲ್ಲರೆ ಜಗಳ ತಪ್ಪಿತು. ಸಂತೋಷ. ಆದರೆ ದುಡ್ಡು ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಯಾರು ಹೊಣೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಿರಾಕಿ 500 ರೂಪಾಯಿಗೆ ಬಂಗಡೆ ತಗೊಂಡ. ಅವನ ಖಾತೆಯಿಂದ ದುಡ್ಡು ಕಟ್ಟಾಯ್ತು. ಅಕ್ಕನ ಸೌಂಡ್ ಬಾಕ್ಸ್ ಮಾತಾಡಲಿಲ್ಲ. ‘ನಂದು ಹೋಗಿದೆ, ನೋಡಿ’ ಅಂತ ಫೋನ್ ತೋರಿಸಿದ, ಕಾರು ಹತ್ತಿದ. ಸಂಜೆಯಾದರೂ ದುಡ್ಡಿಲ್ಲ. ಆ್ಯಪ್‌ನವರನ್ನು ಕೇಳಿದರೆ ಬ್ಯಾಂಕ್ ಕೇಳಿ ಅಂತಾರೆ. ಬ್ಯಾಂಕಿನವರು ಆ್ಯಪ್ ಕಡೆ ಕೈ ತೋರಿಸ್ತಾರೆ. ನಡುವೆ ಸಿಕ್ಕಿಬಿದ್ದವಳು ಬೆಳಗಿನ ಜಾವ ಎದ್ದು ಹರಾಜಿನಲ್ಲಿ ಮೀನು ಕೂಗಿ ತಂದವಳು.

ಹಾಗಾದ್ರೆ ಇದಕ್ಕೆ ಕಾನೂನೇ ಇಲ್ವಾ? ಇದೆ ಸ್ವಾಮಿ! ಪಾವತಿ ವ್ಯವಸ್ಥೆಗೆ ಅಂತಲೇ 2007ರ ಕಾಯ್ದೆ ಇದೆ. ಅದರ ಅಡಿಯಲ್ಲಿ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ. ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಪಾವತಿಯಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನೂ ಗ್ರಾಹಕ ದೂರು ಕೊಡುವ ತನಕ ಕಾಯದೆ, ತಾವಾಗಿಯೇ ಕೊಡಬೇಕು! ಹೇಳಿ ವೀಕ್ಷಕರೇ, ನಿಮ್ಮಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತಿತ್ತು?

ಇನ್ನೊಂದು ಸೂಕ್ಷ್ಮ ನೋಡಿ. ಈ ನಿಯಮದಲ್ಲಿ ಹಣ ವಾಪಸ್ ಹೋಗೋದು ಯಾರ ಖಾತೆಗೆ? ಗಿರಾಕಿಯ ಖಾತೆಗೆ. ಪರಿಹಾರವೂ ಅವನಿಗೇ. ಮೀನು? ಅದು ಸಾರಾಗಿ ಯಾರದೋ ಹೊಟ್ಟೆ ಸೇರಿ ಆಗಿರುತ್ತೆ. ಅಂದರೆ ಕೊಳ್ಳುವವನಿಗೆ ರಕ್ಷಣೆ ಇದೆ, ನಂಬಿ ಮಾಲು ಕೊಟ್ಟವಳಿಗೆ ಇಲ್ಲ. ಹಣ ವಾಪಸ್ ಬಂದ ಗಿರಾಕಿ ಮತ್ತೆ ಮೀನುಪೇಟೆ ಹುಡುಕಿಕೊಂಡು ಬಂದು ಕೊಟ್ಟರೆ ಅದು ಅವನ ಧರ್ಮ, ಅಷ್ಟೇ. ಕಾನೂನು ಧರ್ಮದ ಮೇಲೆ ಭಾರ ಹಾಕಿ ಕೂತರೆ ಬಡವರ ಗತಿಯೇನು?

ಕಂಪನಿಗಳನ್ನು ಬಗ್ಗಿಸೋ ಶಕ್ತಿ ರಿಸರ್ವ್ ಬ್ಯಾಂಕಿಗೆ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ ಕೈ ಹಾಕಿ, ಆ ವರ್ಷದ ಮಾರ್ಚ್ 15ರ ನಂತರ ಹೊಸ ಠೇವಣಿಯನ್ನೇ ನಿಲ್ಲಿಸಿತು. ಅಷ್ಟು ದೊಡ್ಡವರನ್ನು ನಿಲ್ಲಿಸಿದವರಿಗೆ, ಪ್ರತಿ ಸ್ಕ್ಯಾನರ್ ಹಲಗೆಯ ಮೇಲೆ ದೂರಿನ ನಂಬರನ್ನು ಕನ್ನಡದಲ್ಲಿ ಅಚ್ಚು ಹಾಕಿ ಅಂತ ಆದೇಶ ಮಾಡೋದು ಕಷ್ಟವಾ? ನಿಯಮಗಳನ್ನು ಓದಿ ಹೇಳೋಕೆ ಕಂಪನಿಗಳ ಹತ್ತಿರ ವಕೀಲರ ದಂಡೇ ಇರುತ್ತೆ. ಅಕ್ಕನಿಗೆ ಓದಿ ಹೇಳೋರು ಯಾರು?

ಇನ್ನು ಭಯದ ವಿಷಯ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದಿದ್ದು 29 ಲಕ್ಷದ ನೋಟಿಸ್! ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನೋ ಬೋರ್ಡ್‌ಗಳು ಬಿದ್ದವು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡೋದಿಲ್ಲ ಅಂದರು.

ಕರಾವಳಿಯ ಅಕ್ಕಂದಿರೇ, ಅಣ್ಣಂದಿರೇ, ಇಲ್ಲಿ ಕೇಳಿ. ತಾಜಾ ಮೀನು, ತಾಜಾ ಈರುಳ್ಳಿ, ಬಿಡಿ ಮಲ್ಲಿಗೆ ಹೂವು, ಇವಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಬೇರೆ ಸರಕು ಮಾರುವವರಿಗೆ ಮಾತ್ರ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷದ ಮಿತಿ. ಆದ್ದರಿಂದ ಹೆದರಿ ಸ್ಕ್ಯಾನರ್ ಕಿತ್ತು ಹಾಕಬೇಡಿ. ಖರೀದಿಯ ಚೀಟಿ ಇಟ್ಟುಕೊಳ್ಳಿ. ನೋಟಿಸ್ ಬಂದರೆ ಮೂಲೆಗೆ ಎಸೆಯದೆ ಉತ್ತರ ಕೊಡಿ.

ಕೊನೆಯದಾಗಿ ಮೂರು ಮಾತು. ಒಂದು, ಗಿರಾಕಿಯ ಫೋನ್ ನೋಡಿ ಮಾಲು ಕೊಡಬೇಡಿ. ನಿಮ್ಮ ಬಾಕ್ಸ್ ಕೂಗಬೇಕು, ಇಲ್ಲಾ ನಿಮ್ಮ ಖಾತೆಯಲ್ಲಿ ಕಾಣಬೇಕು. ಎರಡು, ತೊಂದರೆಯಾದರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದೂರಿಗೆ ಒಂದು ಪೈಸೆ ಶುಲ್ಕ ಇಲ್ಲ. ಮೂರು, ಮೋಸದಿಂದ ದುಡ್ಡು ಹೋಗಿದ್ದರೆ ನಾಳೆ ನೋಡೋಣ ಅನ್ನಬೇಡಿ, ತಕ್ಷಣ 1930.

ಆಳುವವರಿಗೂ ಒಂದು ಮಾತು. ಡಿಜಿಟಲ್ ಇಂಡಿಯಾ ಅಂತ ಹೆಮ್ಮೆಯಿಂದ ಹೇಳ್ತೀರಿ. ಆ ಹೆಮ್ಮೆಯನ್ನು ಬುಟ್ಟಿಯ ಪಕ್ಕ ಇಟ್ಟುಕೊಂಡು ಬಿಸಿಲಲ್ಲಿ ಕೂತವಳ 500 ರೂಪಾಯಿಗೂ ಕಾನೂನಿನಲ್ಲಿ ಒಂದು ಸಾಲು ಇರಲಿ.