ಕಂಪ್ಯೂಟರ್ ಹೊಸದು, ಮತ್ತೆ ಯಾಕೆ ಆಗಲಿಲ್ಲ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಮ್ಮ ಅರ್ಜಿ ಸಹಾಯ ಕೊಠಡಿಯನ್ನು ನೋಡಿಕೊಳ್ಳುವ ನಿವೃತ್ತ ಶಿಕ್ಷಕರು ಆಡಿದ ಮಾತು)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಎಷ್ಟು ಅರ್ಜಿ ಹಾಕಿಸಿದೆವು, ಎಷ್ಟು ಮಂಜೂರಾದವು ಎಂದು ಲೆಕ್ಕ ಹೇಳಿ ಕೂರುತ್ತಿದ್ದೆ. ಆ ಲೆಕ್ಕ ಈ ವರದಿಯಲ್ಲೇ ಅಚ್ಚಾಗಿದೆ, ಓದಿಕೊಳ್ಳಿ. ಇವತ್ತು ಮಂಜೂರಾಗದ, ಮಂಜೂರಾಗುವುದಿರಲಿ, ಹೋಗಿಯೇ ತಲುಪದ ಒಂದು ಅರ್ಜಿಯ ಬಗ್ಗೆ ಹೇಳುತ್ತೇನೆ. ಅದರಲ್ಲಿ ತಪ್ಪು ನನ್ನದು.

2022ರಲ್ಲಿ ದಾನಿಯೊಬ್ಬರು ನಮಗೆ ಮೂರು ಹೊಸ ಕಂಪ್ಯೂಟರ್ ಕೊಟ್ಟರು. ಒಳಗೆ ವಿಂಡೋಸ್ 11. ಅದುವರೆಗೆ ನಮ್ಮಲ್ಲಿದ್ದ ಎರಡು ಯಂತ್ರಗಳಲ್ಲಿ ವಿಂಡೋಸ್ 7 ಇತ್ತು. ಅದಕ್ಕೆ 2020ರ ಜನವರಿ 14ರಂದೇ ಸುರಕ್ಷತಾ ತಿದ್ದುಪಡಿಗಳು ನಿಂತಿದ್ದವು, ಹಾಗಾಗಿ ಬದಲಾಯಿಸಿದ್ದು ಸರಿಯೇ. ಆದರೆ ಹೊಸದು ಬಂದ ವಾರದಲ್ಲೇ ಹಳೆಯವನ್ನು ಗುಜರಿಗೆ ಕೊಡಿ, ಜಾಗ ಆಗುತ್ತದೆ ಎಂದವನು ನಾನು. ಕೊಟ್ಟೂ ಆಯಿತು.

ಆಮೇಲೆ ಒಂದು ಸೋಮವಾರ. ಖಾಸಗಿ ಸಂಸ್ಥೆಯೊಂದರ ವಿದ್ಯಾರ್ಥಿವೇತನಕ್ಕೆ ಒಂಬತ್ತು ಮಕ್ಕಳ ಅರ್ಜಿ ಹಾಕಬೇಕಿತ್ತು. ಗುರುವಾರ ಸಂಜೆ 5 ಗಂಟೆಗೆ ಕೊನೆ. ಹೆಸರು, ಅಂಕ, ಆದಾಯ ಎಲ್ಲವನ್ನೂ ತುಂಬಿದೆವು. ಫೋಟೋ ಮತ್ತು ಸಹಿ ಹಾಕುವ ಜಾಗಕ್ಕೆ ಬಂದರೆ ಅಲ್ಲಿ ಬಿಳಿ ಚೌಕ. ಗುಂಡಿ ಇಲ್ಲ, ಅಕ್ಷರ ಇಲ್ಲ. ಕೆಳಗೆ ಸಣ್ಣದಾಗಿ ‘ಪ್ಲಗಿನ್ ಬೇಕು’ ಎಂದಿತ್ತು.

ನಾನೇನು ಮಾಡಿದೆ ಗೊತ್ತೇ? ಪ್ಲಗಿನ್ ಎಂದು ಹುಡುಕಿ, ಮೊದಲು ಕಂಡ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿ ಒತ್ತಿದೆ. ಅದು ಜಾಹೀರಾತು. ಪರದೆಯ ತುಂಬಾ ಏನೇನೋ ತೆರೆದುಕೊಂಡಿತು. ಅದನ್ನು ತೊಳೆಯುವುದರಲ್ಲಿ ಸೋಮವಾರ ಹೋಯಿತು. ಮೂವತ್ತಮೂರು ವರ್ಷ ಮಕ್ಕಳಿಗೆ ‘ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ’ ಎಂದವನು ನಾನು.

ಈಗ ಆ ಪ್ಲಗಿನ್ ಎಂದರೇನು ಎಂದು ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನನಗೂ ಆಗ ಯಾರೂ ಹೇಳಿರಲಿಲ್ಲ. ಇಂಟರ್ನೆಟ್ ನೋಡಲು ನಾವು ಬಳಸುವ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವೆಲ್ಲ ಬ್ರೌಸರ್‌ಗಳು. ಮೊದಲು ಇವಕ್ಕೆ ಬರೀ ಅಕ್ಷರ, ಚಿತ್ರ ತೋರಿಸುವುದಷ್ಟೇ ಗೊತ್ತಿತ್ತು. ವಿಡಿಯೋ ಓಡಿಸಲು, ಫೋಟೋ ಕತ್ತರಿಸಿ ಕಳಿಸಲು, ಡಿಜಿಟಲ್ ಸಹಿ ಹಾಕಲು ಹೊರಗಿನ ಒಂದು ತಂತ್ರಾಂಶವನ್ನು ಕರೆಸಿ ಪುಟದ ಒಂದು ಮೂಲೆಯಲ್ಲಿ ಕೂರಿಸುತ್ತಿದ್ದರು. ಫ್ಲಾಶ್, ಜಾವಾ, ಸಿಲ್ವರ್‌ಲೈಟ್ ಇವೆಲ್ಲ ಹಾಗೆ ಬಂದ ಅತಿಥಿಗಳು. ತೊಂದರೆ ಏನೆಂದರೆ, ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು ಇಡೀ ಮನೆಯ ಬೀಗದಕೈ ಗೊಂಚಲನ್ನೇ ಕೈಗೆ ಕೊಟ್ಟ ಹಾಗಿತ್ತು ಅದು. ಅತಿಥಿಯ ಹಿಂದೆಯೇ ಕಳ್ಳರೂ ನುಗ್ಗಿದರು. ಅಷ್ಟರಲ್ಲಿ ಅತಿಥಿ ಮಾಡುತ್ತಿದ್ದ ಕೆಲಸವನ್ನು ಬ್ರೌಸರ್‌ಗಳು ತಾವೇ ಕಲಿತವು. ಒಂದೊಂದಾಗಿ ಬಾಗಿಲು ಮುಚ್ಚಿದವು. ಕ್ರೋಮ್ 2015ರಲ್ಲಿ ಮುಚ್ಚಿತು. ಫೈರ್‌ಫಾಕ್ಸ್ 2017ರಲ್ಲಿ ಫ್ಲಾಶ್ ಒಂದನ್ನು ಬಿಟ್ಟು ಉಳಿದವಕ್ಕೆ ಮುಚ್ಚಿತು. ಫ್ಲಾಶ್ ಕೂಡ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಳೆಯ ಬಾಗಿಲು ತೆರೆದೇ ಇಟ್ಟಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್. ವಿಂಡೋಸ್ 11ರಲ್ಲಿ ಅದು ಬಿಡಿ ತಂತ್ರಾಂಶವಾಗಿ ಇಲ್ಲವೇ ಇಲ್ಲ.

ಅಂದರೆ ಬ್ರೌಸರ್ ಮುಂದೆ ಹೋಗಿತ್ತು, ಆ ಸಂಸ್ಥೆಯ ಪುಟ ಹಿಂದೆಯೇ ಉಳಿದಿತ್ತು. ನಡುವೆ ನಮ್ಮ ಒಂಬತ್ತು ಮಕ್ಕಳು.

ಮಂಗಳವಾರ, ಆ ಪುಟ ಕೇಳುವುದು ಜಾವಾ ಎಂದು ತಿಳಿಯಿತು. ಹೊಸದೇ ಒಳ್ಳೆಯದು ಎಂದು ಜಾವಾ 17 ಹಾಕಿದೆ. ಚೌಕ ಬಿಳಿಯಾಗಿಯೇ ಉಳಿಯಿತು. ಆಮೇಲೆ ಗೊತ್ತಾಯಿತು, 2018ರಲ್ಲಿ ಬಂದ ಜಾವಾ 11ರಿಂದಲೇ ಬ್ರೌಸರ್ ಒಳಗೆ ಕೂರುವ ಭಾಗವನ್ನು ತೆಗೆದುಹಾಕಿದ್ದಾರೆ. ನಮಗೆ ಬೇಕಿದ್ದದ್ದು ಹಳೆಯ ಜಾವಾ 8. ಔಷಧ ಅಂಗಡಿಯಲ್ಲಿ ದುಬಾರಿ ಮಾತ್ರೆ ಕೊಂಡರೆ ಬೇಗ ಗುಣವಾಗುತ್ತದೆ ಎಂದುಕೊಳ್ಳುವವರಿದ್ದಾರಲ್ಲ, ಹಾಗಾಯಿತು ನನ್ನ ಕಥೆ.

ಬುಧವಾರ ನಮ್ಮಲ್ಲಿ ಸ್ವಯಂಸೇವೆಗೆ ಬರುವ ಪದವಿ ವಿದ್ಯಾರ್ಥಿಯೊಬ್ಬ ದಾರಿ ಕಂಡುಹಿಡಿದ. ಎಡ್ಜ್ ಬ್ರೌಸರಿನ ಒಳಗೇ ಹಳೆಯ ಎಕ್ಸ್‌ಪ್ಲೋರರಿನ ಎಂಜಿನ್ ಅಡಗಿದೆ. ಮೇಲಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ‘ಡಿಫಾಲ್ಟ್ ಬ್ರೌಸರ್’ ಎಂಬಲ್ಲಿ ಎಕ್ಸ್‌ಪ್ಲೋರರ್ ಮೋಡ್‌ಗೆ ಅನುಮತಿ ಕೊಡಬೇಕು. ಎಡ್ಜ್ ಮುಚ್ಚಿ ಮತ್ತೆ ತೆರೆಯಬೇಕು. ಆಗ ಆ ಪುಟಕ್ಕೆ ಹೋಗಿ ಮತ್ತೆ ಮೂರು ಚುಕ್ಕೆ ಒತ್ತಿದರೆ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್‌ನಲ್ಲಿ ರೀಲೋಡ್’ ಎಂಬ ಸಾಲು ಸಿಗುತ್ತಿತ್ತು. ಮುಂದೆಯೂ ಹೀಗೆಯೇ ತೆರೆ ಎಂದು ಹೇಳಿದರೆ 30 ದಿನ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಮರೆಯುತ್ತದೆ. ಹೋದ ತಿಂಗಳು ಆಗುತ್ತಿತ್ತು, ಈಗ ಆಗುತ್ತಿಲ್ಲ ಎಂದು ಬರುವವರಿಗೆ ಬಹಳ ಸಲ ಕಾರಣ ಇದೇ.

ಇಷ್ಟಾದರೂ ಜಾವಾ ‘ಸುರಕ್ಷತೆಯ ಕಾರಣ ತಡೆದಿದ್ದೇನೆ’ ಎಂದಿತು. ಗುರುವಾರ ಬೆಳಿಗ್ಗೆ ಆ ಸಂಸ್ಥೆಗೇ ಫೋನ್ ಮಾಡಿದೆ. ಜಾವಾದ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೆಕ್ಯುರಿಟಿ ಎಂಬಲ್ಲಿರುವ ವಿನಾಯಿತಿ ಪಟ್ಟಿಗೆ ತಮ್ಮ ಪುಟದ ವಿಳಾಸ ಸೇರಿಸಲು ಹೇಳಿದರು. ಸೇರಿಸಿದೆವು. 12 ಗಂಟೆಗೆ ಬಿಳಿ ಚೌಕದಲ್ಲಿ ಗುಂಡಿ ಕಂಡಿತು. ಆ ಫೋನನ್ನು ಸೋಮವಾರವೇ ಮಾಡಬಹುದಿತ್ತು. ಮಾಡಲಿಲ್ಲ, ಮೇಷ್ಟ್ರಿಗೆ ಕೇಳಲು ಸಂಕೋಚ.

ಒಂದೇ ಯಂತ್ರದಲ್ಲಿ ಇದನ್ನೆಲ್ಲ ಮಾಡಿದ್ದು. ಒಂದೊಂದು ಅರ್ಜಿಗೆ ಅರ್ಧ ಗಂಟೆ. 4 ಗಂಟೆಗೆ ಎಂಟು ಮುಗಿದವು. ಒಂಬತ್ತನೆಯದು ಹಳ್ಳಿಯ ಹುಡುಗಿಯದು. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಸಾಲಿನಲ್ಲಿ ನಿಂತವರು ಅವಳು ಮತ್ತು ಅವಳ ತಾಯಿ. ‘ಇವತ್ತು ಆಗುವುದಿಲ್ಲ, ಗುರುವಾರ ಬನ್ನಿ, ಅಷ್ಟರಲ್ಲಿ ಸರಿಮಾಡಿರುತ್ತೇನೆ’ ಎಂದು ಕಳಿಸಿದ್ದೆ. ಓಟಿಪಿ ಬರುವುದು ತಾಯಿಯ ಫೋನಿಗೆ, ಅವರಿಲ್ಲದೆ ನಾವು ಮುಂದೆ ಹೋಗುವಂತಿಲ್ಲ. ಮಧ್ಯಾಹ್ನ ಕರೆ ಮಾಡಿದಾಗ ಅವರು ಕೆಲಸದಲ್ಲಿದ್ದರು. ಬಸ್ಸು ಹಿಡಿದು 4-45ಕ್ಕೆ ಬಂದರು. ಫೋಟೋ ಏರಿತು. ಸಹಿ ಏರಿತು. ಸಲ್ಲಿಸು ಎಂದು ಒತ್ತಿದಾಗ ಅವಧಿ ಮುಗಿದಿದೆ ಎಂದು ಬಂತು.

18,000 ರೂಪಾಯಿ. ಅರ್ಧವನ್ನು ಟ್ರಸ್ಟ್ ತುರ್ತು ನಿಧಿಯಿಂದ ಕೊಟ್ಟಿತು. ಉಳಿದರ್ಧವನ್ನು ಆ ತಾಯಿ ಸಾಲ ಮಾಡಿದರು. ಅಂದು ಅವರು ಬೈಯಲಿಲ್ಲ. ‘ಸರ್, ಕಂಪ್ಯೂಟರ್ ಹೊಸದು ಅಂದಿರಲ್ಲ, ಮತ್ತೆ ಯಾಕೆ ಆಗಲಿಲ್ಲ?’ ಎಂದಷ್ಟೇ ಕೇಳಿದರು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಮೇಲೆ ಹೇಳಿದ್ದು ಅದೇ ಉತ್ತರ, ಅವರು ಇವತ್ತು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ.

ದಾನಿಗಳಲ್ಲಿ ಒಂದು ಮಾತು. ಯಂತ್ರ ಕೊಡುವಾಗ ಅದನ್ನು ಹೊಂದಿಸಲು ಬೇಕಾಗುವ ಒಂದು ವಾರದ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅರ್ಜಿಯ ಕಾಲದ ಮಧ್ಯೆ ಬದಲಾಯಿಸುವುದು ಬೇಡ. ಹೊಸದರಲ್ಲಿ ಎಲ್ಲ ಪುಟಗಳನ್ನೂ ಒಮ್ಮೆ ತೆರೆದು ನೋಡುವವರೆಗೆ ಹಳೆಯದು ಮೂಲೆಯಲ್ಲಿರಲಿ. ಆದರೆ ಅದರಲ್ಲಿ ಬ್ಯಾಂಕಿನ ಕೆಲಸ ಮಾತ್ರ ಮಾಡಕೂಡದು.

ಪೋಷಕರೇ, ಫೋನಿನಲ್ಲಿ ಪುಟ ‘ಪ್ಲಗಿನ್’ ಎಂದರೆ ಅಲ್ಲೇ ನಿಲ್ಲಿಸಿ. ಫೋನಿನ ಕ್ರೋಮ್‌ನಲ್ಲಿ ಅದು ಆಗುವಂಥದ್ದಲ್ಲ, ಎಷ್ಟು ಒತ್ತಿದರೂ ಅಷ್ಟೇ. ‘ಫ್ಲಾಶ್ ಹಳೆಯದಾಗಿದೆ, ಹೊಸದು ಹಾಕಿಕೊಳ್ಳಿ’ ಎಂದು ಯಾವ ಪುಟ ಹೇಳಿದರೂ ಈಗ ಅದು ಸುಳ್ಳು, ಹಾಕಿಕೊಳ್ಳಲು ಹೊಸ ಫ್ಲಾಶ್ ಎಂಬುದೇ ಇಲ್ಲ. ಹಳೆಯ ಪಾಠದ ಸಿಡಿಗಳನ್ನು ಇಟ್ಟುಕೊಂಡಿರುವ ಶಿಕ್ಷಕ ಮಿತ್ರರು ರಫಲ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು. ನನ್ನ ಬಳಿಯಿದ್ದ ಗ್ರಹಣದ ಪಾಠ ಅದರಲ್ಲಿ ಓಡಿತು, ಭಿನ್ನರಾಶಿಯದು ಓಡಲಿಲ್ಲ. ಇನ್ನು ಎಕ್ಸ್‌ಟೆನ್ಶನ್ ಎಂಬುದು ಬೇರೆ ಜಾತಿ. ಅವು ಈಗಲೂ ಇವೆ, ಬ್ರೌಸರಿನದೇ ಅಂಗಡಿಯಿಂದ ತೆಗೆದುಕೊಳ್ಳಬೇಕು, ಏನೇನು ಅನುಮತಿ ಕೇಳುತ್ತದೆ ಎಂದು ಓದಬೇಕು. ಅರ್ಜಿ ತುಂಬುವ ಯಂತ್ರದಲ್ಲಿ ಒಂದೂ ಬೇಡ ಎಂಬುದು ನನ್ನ ಅಭಿಪ್ರಾಯ.

ಈ ವರ್ಷದಿಂದ ಕೊನೆಯ ದಿನಕ್ಕೆ ಹತ್ತು ದಿನ ಮೊದಲೇ ಅರ್ಜಿಗೆ ಬನ್ನಿ. ಓಟಿಪಿ ಬರುವ ಫೋನ್ ಜೊತೆಯಲ್ಲಿರಲಿ. ಕೆಲಸ ಮುಗಿದ ಮೇಲೆ ಆ ಜಾವಾ 8 ಅನ್ನು ನಾವು ತೆಗೆದುಹಾಕುತ್ತೇವೆ, ಮುಂದಿನ ಸಲ ಬೇಕಾದರೆ ಮತ್ತೆ ಹಾಕುತ್ತೇವೆ. ತೆರೆದ ಬಾಗಿಲು ತೆರೆದೇ ಇರುವುದು ಬೇಡ.

ಆ ಹುಡುಗಿ ಈಗ ಬಿ.ಕಾಂ. ಎರಡನೆಯ ವರ್ಷ. ಶನಿವಾರ ಮಧ್ಯಾಹ್ನ ನಮ್ಮ ಕೊಠಡಿಗೆ ಬಂದು ಬೇರೆಯವರ ಅರ್ಜಿ ತುಂಬಿಸುತ್ತಾಳೆ. ಎಡ್ಜ್‌ನಲ್ಲಿ ಯಾವುದರ ನಂತರ ಯಾವುದು ಒತ್ತಬೇಕು ಎಂದು ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿದ್ದಾಳೆ. ಅದನ್ನು ಮೂರನೆಯ ಕಂಪ್ಯೂಟರಿನ ಮೇಜಿಗೆ ದಾರದಿಂದ ಕಟ್ಟಿದ್ದೇವೆ. ದಯವಿಟ್ಟು ಯಾರೂ ಬಿಚ್ಚಿಕೊಂಡು ಮನೆಗೆ ಒಯ್ಯಬೇಡಿ.